ಕಿವಿಯಿಂದ ಓದಿದರೆ ಓದಲ್ಲವೆ?

‘ಮೊಬೈಲು ಓದಿ ಹೇಳಿದ್ದನ್ನು ಕೇಳಿಸಿಕೊಂಡರೆ ಮಗು ಓದಿದ ಹಾಗಾಯಿತೇನ್ರೀ?’ ಈ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ಎಷ್ಟು ಬಾರಿ ಎದುರಿಸಿದ್ದೇನೋ ಲೆಕ್ಕವಿಲ್ಲ. ಕೇಳಿದವರಲ್ಲಿ ಹೆಚ್ಚಿನವರು ನಮ್ಮ ಹೆಂಗಸರೇ. ಮಹಿಳಾ ಸಮಾಜದ ಸಭೆ ಮುಗಿದ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ ಕೂತಾಗ, ತರಕಾರಿ ಗಾಡಿಯ ಮುಂದೆ ನಿಂತಾಗ ಕೇಳುತ್ತಾರೆ. ದನಿಯಲ್ಲಿ ಕುತೂಹಲಕ್ಕಿಂತ ಆಕ್ಷೇಪಣೆಯೇ ಹೆಚ್ಚು. ಮಗುವಿಗೆ ನಾನು ಯಾವುದೋ ಕಳ್ಳದಾರಿ ತೋರಿಸಿಕೊಟ್ಟಿದ್ದೇನೆ ಎಂಬ ಭಾವ. ನನ್ನ ಉತ್ತರ ಒಂದೇ. ಆಯಿತು, ಖಂಡಿತ ಓದಿದ ಹಾಗಾಯಿತು. ಇಷ್ಟೇ ಹೇಳಿ ಸುಮ್ಮನಾದರೆ ಉದ್ಧಟತನವಾದೀತು ಎಂದು ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಿಸ್ಲೆಕ್ಸಿಯಾ ಎಂಬ ಪದ ನಮ್ಮ ಊರುಗಳ ಬಾಯಿಗೆ ಬಂದದ್ದು 2007ರ ಕೊನೆಯಲ್ಲಿ ‘ತಾರೆ ಜಮೀನ್ ಪರ್’ ಚಿತ್ರ ಬಂದ ಮೇಲೆ. ಥಿಯೇಟರಿನಲ್ಲಿ ಆ ಹುಡುಗನನ್ನು ನೋಡಿ ಕಣ್ಣೊರೆಸಿಕೊಂಡವರೇ ಮನೆಗೆ ಬಂದು ತಮ್ಮ ಮಗುವನ್ನು ‘ದಡ್ಡ ಮುಂಡೇದು’ ಎಂದು ಬೈದದ್ದೂ ಉಂಟು. ತೆರೆಯ ಮೇಲಿನ ಮಗುವಿಗೆ ಕಾಯಿಲೆಯಂಥದ್ದೇನೋ ಇದೆ, ನಮ್ಮ ಮನೆಯ ಮಗುವಿಗೆ ಮಾತ್ರ ಸೋಮಾರಿತನ! ಹೀಗೆ ಭೇದ ಮಾಡುವುದು ನಮಗೆ ಎಷ್ಟು ಸುಲಭ ನೋಡಿ.

ಇದೇನೂ ಹೊಸ ಕಾಲದ ಫ್ಯಾಷನ್ ರೋಗವಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹುಡುಗನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಲೆಕ್ಕವೂ ಬರುತ್ತಿತ್ತು. ಆದರೆ ಓದು ಮಾತ್ರ ಹತ್ತುತ್ತಿರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದಿದ್ದ. ಪಾಠವನ್ನೆಲ್ಲ ಬಾಯಿಮಾತಿನಲ್ಲೇ ಹೇಳಿಕೊಡುವುದಾಗಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದರಂತೆ. ಆ ಮೇಷ್ಟ್ರಿಗೆ ಕಂಡ ಸತ್ಯ ನಮ್ಮ ಎಷ್ಟೋ ಶಾಲೆಗಳಿಗೆ ಇನ್ನೂ ಕಂಡಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಓದು, ಬರಹ, ಲೆಕ್ಕಗಳಲ್ಲಿ ಇಂಥ ಕಲಿಕೆಯ ತೊಡಕು ಇರುವವರು ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಕಡೇಪಕ್ಷ ಇಬ್ಬರು. ನಿಮ್ಮ ಮಗುವಿನ ತರಗತಿಯಲ್ಲೂ ಆ ಇಬ್ಬರು ಇದ್ದಾರೆ. ಬಹುಶಃ ಕೊನೆಯ ಬೆಂಚಿನಲ್ಲಿ.

ಅಕ್ಷರವೇ ಬುದ್ಧಿಯಲ್ಲ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. ಹೆಬ್ಬೆಟ್ಟು ಒತ್ತುವ ಅಜ್ಜಿಯರು ಬಡ್ಡಿಯ ಲೆಕ್ಕವನ್ನು ನನಗಿಂತ ಮೊದಲೇ ಬಾಯಲ್ಲಿ ಮಾಡಿ ಮುಗಿಸಿ, ‘ಇನ್ನೂ ಮೂರು ರೂಪಾಯಿ ಬರ್ಬೇಕಲ್ಲವ್ವಾ’ ಎಂದು ಕೈ ಚಾಚಿದ್ದನ್ನು ಕಂಡಿದ್ದೇನೆ. ಮಗು ಓದಲು ತಡವರಿಸಿದರೆ ತಲೆಯಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುವವರನ್ನು ಕಂಡಾಗ ನನಗೆ ಆ ಅಜ್ಜಿಯರು ನೆನಪಾಗುತ್ತಾರೆ.

ನನ್ನ ತಂಗಿಯ ಮಗ ಮೂರನೆಯ ತರಗತಿಯಲ್ಲಿದ್ದಾಗ ಕೇಳಿದ ಕತೆಯನ್ನು ಒಂದೆಳೆ ಬಿಡದೆ ತಿರುಗಿ ಹೇಳುತ್ತಿದ್ದ. ನೋಡಿದ ಕ್ರಿಕೆಟ್ ಪಂದ್ಯದ ಅಷ್ಟೂ ಓವರುಗಳು ಅವನ ನಾಲಗೆಯ ತುದಿಯಲ್ಲಿರುತ್ತಿದ್ದವು. ಪುಸ್ತಕ ತೆರೆದರೆ ಮಾತ್ರ ಮುಖ ಬಾಡುತ್ತಿತ್ತು. ‘ಮರ’, ‘ಮಳೆ’ ದಾಟಿ ‘ಸೂರ್ಯ’, ‘ಹಕ್ಕಿ’, ‘ಕೋಳಿ’ ಬಂದರೆ ಬೆವರುತ್ತಿದ್ದ. ಶಾಲೆಯವರು ಕೊಟ್ಟ ಮದ್ದು ಒಂದೇ, ಹತ್ತು ಸಲ ಬರೆದು ತರುವುದು. ಹತ್ತು ಸಲವೂ ಅವನು ಅದೇ ತಪ್ಪನ್ನು ಬರೆದ. ತಪ್ಪನ್ನು ಹತ್ತು ಸಲ ಬರೆಸಿದರೆ ತಪ್ಪು ಗಟ್ಟಿಯಾಗುತ್ತದೆಯೇ ಹೊರತು ಒಪ್ಪಾಗುವುದಿಲ್ಲ.

ಇನ್ನು ಮನೆಯಲ್ಲಿ? ಮಗು ಓದದಿದ್ದರೆ ಮೊದಲು ಕಟಕಟೆ ಹತ್ತುವವಳು ತಾಯಿ. ‘ನೀನು ಟಿವಿ ಮುಂದೆ ಕೂತ್ರೆ ಇನ್ನೇನಾಗತ್ತೆ’ ಎಂದು ಗಂಡ. ‘ಬಸುರಿಯಲ್ಲಿ ಗ್ರಹಣ ನೋಡಿದ್ಲು, ಹೇಳಿದ್ರೆ ಕೇಳ್ಬೇಕಲ್ಲ’ ಎಂದು ಅತ್ತೆ. ‘ಮನೇಲಿ ಸ್ವಲ್ಪ ಗಮನ ಕೊಡಿ ಮೇಡಂ’ ಎಂದು ಶಾಲೆಯವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಮಗುವಿನ ಅಂಕಪಟ್ಟಿ ನಮ್ಮ ಸಮಾಜದಲ್ಲಿ ತಾಯಿಯ ಅಂಕಪಟ್ಟಿಯೂ ಹೌದು. ಬಹಳಷ್ಟು ತಾಯಂದಿರು ಕೈಯೆತ್ತಿ ಮಗುವನ್ನು ಹೊಡೆಯುವುದು ಸಿಟ್ಟಿನಿಂದಲ್ಲ, ಈ ಅವಮಾನದಿಂದ.

ಕಡೆಗೆ ಅವನನ್ನು ಮೈಸೂರಿಗೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಡಿಸ್ಲೆಕ್ಸಿಯಾ ಎಂದು ಗೊತ್ತಾಯಿತು. ತಂಗಿ ಅತ್ತಳು, ನನಗೆ ಮಾತ್ರ ಹಗುರವೆನಿಸಿತು. ಹೆಸರಿಲ್ಲದ ಕಷ್ಟಕ್ಕಿಂತ ಹೆಸರಿರುವ ಕಷ್ಟ ವಾಸಿ. ಆ ಕಾಗದ ಹಿಡಿದು ಶಾಲೆಗೆ ಹೋದರೆ ಅಲ್ಲಿ ಸಿಕ್ಕ ಸಲಹೆ ಇದು: ‘ಹಾಗಿದ್ರೆ ಕನ್ನಡ ಬಿಡಿಸಿಬಿಡಿ. ಇಂಗ್ಲಿಷಿಗಾದ್ರೆ ಒಳ್ಳೊಳ್ಳೆ ಆಪ್‌ಗಳಿವೆ.’

ನನ್ನ ಜಗಳ ಶುರುವಾದದ್ದು ಇಲ್ಲಿಂದ. ಭಾಷೆಯೊಂದರಿಂದ ವಿನಾಯಿತಿ ಪಡೆಯುವುದು ಇಂಥ ಮಕ್ಕಳ ಹಕ್ಕು. ಬೇಕಾದವರು ಪಡೆಯಲಿ, ನನ್ನ ತಕರಾರಿಲ್ಲ. ಆದರೆ ಬಿಡಬೇಕಾದಾಗಲೆಲ್ಲ ಬಿಡುವುದು ಕನ್ನಡವನ್ನೇ ಏಕೆ? ಈ ಹುಡುಗ ಹಸಿವಾದರೆ ಕೂಗುವುದು ಕನ್ನಡದಲ್ಲಿ, ಕನವರಿಸುವುದು ಕನ್ನಡದಲ್ಲಿ. ಅವನ ಕಿವಿಯಲ್ಲಿ ಸಾವಿರಾರು ಕನ್ನಡ ಪದಗಳು ಆಗಲೇ ತುಂಬಿಕೊಂಡಿವೆ. ಆ ಶಬ್ದಗಳಿಗೆ ಅಕ್ಷರದ ಗುರುತು ಹಚ್ಚುವುದಷ್ಟೇ ಬಾಕಿ. ಇಂಗ್ಲಿಷಿನಲ್ಲಾದರೋ ಶಬ್ದವನ್ನೂ ಕಲಿಯಬೇಕು, ಅಕ್ಷರವನ್ನೂ ಕಲಿಯಬೇಕು. ಮನೆಯ ಬಾವಿಗೆ ಮಣ್ಣು ಮುಚ್ಚಿ ಮೂರು ಮೈಲಿ ದೂರದ ಕೆರೆಗೆ ಕೊಡ ಕೊಟ್ಟು ಕಳಿಸುವುದು ಯಾವ ನ್ಯಾಯ?

ಕನ್ನಡದ ಓದಿಗೆ ಅದರದೇ ತೊಡಕುಗಳಿವೆ ಎಂಬುದನ್ನೂ ಮರೆಯಬಾರದು. ಇಂಗ್ಲಿಷಿನ 26 ಅಕ್ಷರಗಳಿಗೆ ಮಾಡಿದ ಉಪಾಯಗಳು ನಮಗೆ ಹಾಗೇ ಒಗ್ಗುವುದಿಲ್ಲ. ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಬರೆದರೆ ನಾನೂರಕ್ಕೂ ಹೆಚ್ಚು ರೂಪಗಳು. ತಲಕಟ್ಟು, ಗುಡಿಸು, ಕೊಂಬು ಎಂದು ಒಂದೊಂದು ಗುರುತು ಒಂದೊಂದು ಕಡೆ. ‘ಕೋಳಿ’ಯ ಮೊದಲಕ್ಷರದಲ್ಲಿ ತಲೆಯ ಮೇಲೊಂದು, ಬಲಕ್ಕೊಂದು, ಅದರಾಚೆ ದೀರ್ಘದ್ದೊಂದು, ಮೂರು ಗುರುತು, ಮೂರೂ ಸೇರಿದರೆ ಒಂದೇ ಸ್ವರ. ‘ಹಕ್ಕಿ’ಯ ಒತ್ತು ಸಾಲಿನ ಕೆಳಗೆ ಇಳಿದು ಕೂರುತ್ತದೆ. ‘ಸೂರ್ಯ’ ಎನ್ನುವಾಗ ನಾಲಗೆಗೆ ರಕಾರ ಮೊದಲು, ಯಕಾರ ಆಮೇಲೆ. ಕಣ್ಣಿಗೆ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ನಾವು ಅಭ್ಯಾಸಬಲದಿಂದ ಇದನ್ನು ಗಮನಿಸುವುದೂ ಇಲ್ಲ. ಪಥ, ಪಧ, ಷಥ ಎಲ್ಲ ಒಂದೇ ಹೊಟ್ಟೆಯ ಮಕ್ಕಳ ಹಾಗೆ ಕಾಣುವ ಮಗುವಿನ ಪಾಡನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರಗಳೆಲ್ಲ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯವರೆಗೆ, ಅದರಾಚೆಗೂ ಕಾಲ ಹಿಡಿಯುತ್ತದೆ ಎಂದು ತೋರಿಸಿದ್ದಾರೆ. ಸಾಮಾನ್ಯ ಮಕ್ಕಳಿಗೇ ಹೀಗಾದರೆ, ತೊಡಕಿರುವ ಮಗುವಿಗೆ ಇನ್ನೆಷ್ಟು ವ್ಯವಧಾನ ಬೇಕು?

ನಾವು ರವಿಕೆಯನ್ನು ಅಳತೆ ಕೊಟ್ಟು ಹೊಲಿಸುತ್ತೇವೆ. ಪಕ್ಕದ ಮನೆಯವಳ ಅಳತೆ ನಮಗೆ ಆಗುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಾಠವನ್ನು ಮಾತ್ರ ನಲವತ್ತು ಮಕ್ಕಳಿಗೂ ಒಂದೇ ಅಳತೆಯಲ್ಲಿ ಹೊಲಿಯುತ್ತೇವೆ. ಬಿಗಿಯಾದರೆ ಮೈಯದೇ ತಪ್ಪು ಎನ್ನುತ್ತೇವೆ! ಮೊಬೈಲು, ಟ್ಯಾಬ್ಲೆಟ್ಟುಗಳಿಂದ ಈ ಮಕ್ಕಳಿಗೆ ಆಗುವ ನಿಜವಾದ ಉಪಕಾರ ಇದೇ. ಒಬ್ಬೊಬ್ಬರ ಅಳತೆಗೆ ಅದನ್ನು ಹೊಂದಿಸಬಹುದು.

ನಾವು ಮಾಡಿದ್ದನ್ನು ಹೇಳುತ್ತೇನೆ. ಅದಕ್ಕೆ ಕಾಸು ಬಿಚ್ಚಲಿಲ್ಲ. ತಂಗಿಯ ಹಳೆಯ ಮೊಬೈಲಿನ ಸಿಮ್ ತೆಗೆದು, ಆಟಗಳನ್ನೆಲ್ಲ ಅಳಿಸಿದೆವು. ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಎಂಬ ಕಡೆ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸೌಲಭ್ಯವಿದೆ. ಅದು ಕನ್ನಡವನ್ನೂ ಓದುತ್ತದೆ, ಓದುತ್ತಿರುವ ಪದಕ್ಕೆ ಬಣ್ಣ ಹಚ್ಚಿ ತೋರಿಸುತ್ತದೆ. ದನಿಯ ವೇಗವನ್ನು ಅವನಿಗೆ ಬೇಕಾದಷ್ಟು ತಗ್ಗಿಸಿದೆವು, ಅಕ್ಷರವನ್ನು ಹಿಗ್ಗಿಸಿದೆವು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳು ಓದಿನ ಹಂತಗಳಾಗಿ ವಿಂಗಡವಾಗಿ, ಉಚಿತವಾಗಿ ಸಿಗುತ್ತವೆ. ಅವನ್ನೇ ಆರಿಸಿಕೊಂಡೆವು. ದಿನಕ್ಕೆ ಇಪ್ಪತ್ತು ನಿಮಿಷ. ಮೊದಲ ಸಲ ಯಂತ್ರ ಓದುತ್ತದೆ, ಅವನು ಬೆರಳಿಟ್ಟು ಹಿಂಬಾಲಿಸುತ್ತಾನೆ. ಎರಡನೆಯ ಸಲ ಅವನೇ ಓದುತ್ತಾನೆ, ತಂಗಿಯೋ ನಾನೋ ಪಕ್ಕದಲ್ಲಿರುತ್ತೇವೆ. ಎಡವಿದ ಅಕ್ಷರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಮಾರನೆಯ ದಿನ ರವೆಯ ತಟ್ಟೆಯಲ್ಲಿ ಬೆರಳಿನಿಂದ ತಿದ್ದಿಸುತ್ತೇವೆ. ಉತ್ತರ ಬರೆಯುವಾಗ ಮೊದಲು ಬಾಯಲ್ಲಿ ಹೇಳುತ್ತಾನೆ. ಮಾತನ್ನು ಕನ್ನಡ ಬರಹವಾಗಿಸುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ಕೊಟ್ಟಿದೆ. ತನ್ನ ಮಾತು ಅಕ್ಷರವಾಗಿ ಮೂಡುವುದನ್ನು ನೋಡುತ್ತ ಅವನು ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಾನೆ.

ಪವಾಡವೇನೂ ನಡೆಯಲಿಲ್ಲ. ಈಗ ಎಂಟನೆಯ ತರಗತಿಯಲ್ಲಿರುವ ಅವನ ಓದು ಇಂದಿಗೂ ನಿಧಾನವೇ. ಆದರೆ ಸಮಾಜವಿಜ್ಞಾನದ ಪಾಠವನ್ನು ಎರಡು ಸಲ ಕೇಳಿಸಿಕೊಂಡು, ‘ದೊಡ್ಡಮ್ಮ, ಟಿಪ್ಪು ಮಕ್ಕಳನ್ನ ಒತ್ತೆ ಇಟ್ಟದ್ದು ಸರೀನಾ?’ ಎಂದು ನನ್ನನ್ನೇ ಪ್ರಶ್ನಿಸುತ್ತಾನೆ. ಓದು ಎಂದರೆ ಇದಲ್ಲವೆ? ಗಟ್ಟಿಯಾಗಿ ಓದಿ ಒಂದಕ್ಷರವೂ ತಲೆಗಿಳಿಯದ ಎಷ್ಟು ಮಕ್ಕಳನ್ನು ನಾವು ಕಂಡಿಲ್ಲ!

ಆಕ್ಷೇಪಣೆಗಳಿಗೆ ಬರೋಣ. ‘ಊರುಗೋಲು ಕೊಟ್ಟರೆ ಮಗು ನಡೆಯುವುದನ್ನೇ ಕಲಿಯುವುದಿಲ್ಲ’ ಎನ್ನುತ್ತಾರೆ. ಕನ್ನಡಕ ಹಾಕಿದ ಮಗುವಿಗೆ ‘ತೆಗೆದಿಡು, ಕಷ್ಟಪಟ್ಟು ನೋಡು, ಅಭ್ಯಾಸವಾಗುತ್ತದೆ’ ಎಂದು ಯಾರಾದರೂ ಹೇಳುತ್ತೀರಾ? ಯಂತ್ರದಿಂದ ಓದಿಸಿಕೊಳ್ಳುವುದರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಅಮೆರಿಕದಲ್ಲಿ 2018ರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. ಓದಿನ ತೊಡಕಿರುವ ಮಕ್ಕಳಿಗೆ ಪಾಠ ಅರ್ಥವಾಗುವುದರಲ್ಲಿ ಅದರಿಂದ ಪ್ರಯೋಜನವಿದೆ ಎಂದು ಕಂಡಿದೆ. ಬೆಟ್ಟದಷ್ಟಲ್ಲ, ಆದರೆ ಇದೆ.

‘ಪುಸ್ತಕವನ್ನು ಕಣ್ಣಿನಿಂದಲೇ ಓದಬೇಕು’ ಎಂಬುದು ಇನ್ನೊಂದು ವಾದ. ಈ ಮಾತು ಕನ್ನಡಿಗರ ಬಾಯಲ್ಲಿ ಬಂದರೆ ನನಗೆ ನಗು ಬರುತ್ತದೆ. ಪುಸ್ತಕ ಹಿಡಿದು ಓದದವರೂ ಕಾವ್ಯದಲ್ಲಿ ನಿಪುಣರು ಎಂದು ಈ ನಾಡಿನ ಜನರನ್ನು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಹೊಗಳಿದೆ. ಕುಮಾರವ್ಯಾಸನ ಭಾರತವನ್ನು ನಮ್ಮ ಅಜ್ಜಿಯರು ಓದಿದ್ದು ಕಿವಿಯಿಂದ, ಜಗಲಿಯ ಮೇಲೆ ಗಮಕಿಯ ಎದುರು ಕೂತು. ಅವರಿಗೆ ಭಾರತ ಗೊತ್ತಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಕಣ್ಣಿನ ಓದು ಬೇಡ ಎಂದಲ್ಲ. ಅದನ್ನೂ ದಿನಾ ಮಾಡಿಸಬೇಕು. ಅದು ಬರುವವರೆಗೆ ಜ್ಞಾನದ ಬಾಗಿಲಿಗೆ ಬೀಗ ಹಾಕಬೇಡಿ ಎಂದಷ್ಟೇ ನನ್ನ ಮಾತು.

ಹಾಗೆಂದು ಮೊಬೈಲು ಕೈಗಿಟ್ಟು ಅಡಿಗೆಮನೆಗೆ ಹೋಗಿಬಿಡಿ ಎಂದು ನಾನು ಹೇಳುತ್ತಿಲ್ಲ. ಫಿನ್ಲೆಂಡಿನಲ್ಲಿ ಹುಟ್ಟಿದ ಗ್ರಾಫೋಗೇಮ್ ಎಂಬ ಓದು ಕಲಿಸುವ ಆಟವಿದೆ. ಮಗು ಎಡವುವುದನ್ನು ಗಮನಿಸಿ ಅದಕ್ಕೆ ತಕ್ಕಂತೆ ಪಾಠವನ್ನು ಬದಲಿಸಿಕೊಳ್ಳುತ್ತದೆ. ಹಲವು ದೇಶಗಳಲ್ಲಿ ಅದರ ಮೇಲೆ ನಡೆದ ಅಧ್ಯಯನಗಳನ್ನು 2020ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಸರಾಸರಿಯಲ್ಲಿ ಪದಗಳ ಓದು ಸುಧಾರಿಸಿದ್ದು ಕಾಣಲಿಲ್ಲ. ಆದರೆ ದೊಡ್ಡವರು ಪಕ್ಕದಲ್ಲಿದ್ದು ಒಡನಾಡಿದ ಕಡೆ ಸುಧಾರಣೆ ಕಂಡಿತು. ಅಳತೆಯ ಟೇಪು ಎಷ್ಟು ಚೆನ್ನಾಗಿದ್ದರೂ ಹೊಲಿಯುವ ಕೈ ಬೇಕಲ್ಲ!

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಊರುಗಳಲ್ಲಿ ಈಗ ತಾಯಂದಿರ ಭಯವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರಿಗಳು ಹುಟ್ಟಿಕೊಂಡಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆಂಬ ಮಿಡ್‌ಬ್ರೈನ್ ಶಿಬಿರಗಳನ್ನು ನಡೆಸಿದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಅದರ ಬಂಡವಾಳ ಬಯಲು ಮಾಡಿದರು. ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ಕಸರತ್ತು ಎನ್ನುವವರೂ ಇದ್ದಾರೆ. ಇವುಗಳಿಂದ ಡಿಸ್ಲೆಕ್ಸಿಯಾಕ್ಕೆ ಉಪಯೋಗವಿದೆ ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ, ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಹೇಳಿವೆ. ‘ಆರು ತಿಂಗಳಲ್ಲಿ ಗುಣ’ ಎಂದು ಯಾರಾದರೂ ಟ್ಯಾಬ್ಲೆಟ್ಟು ಹಿಡಿದು ಮನೆಬಾಗಿಲಿಗೆ ಬಂದರೆ, ಬಳೆ ಅಡವಿಡುವ ಮುನ್ನ ಎರಡು ಮಾತು ಕೇಳಿ: ಇದು ಕನ್ನಡದ ಒತ್ತಕ್ಷರ ಕಲಿಸುತ್ತದೆಯೇ? ನನ್ನ ಮಗು ಎಡವುವ ಅಕ್ಷರ ಯಾವುದೆಂದು ತೋರಿಸುತ್ತದೆಯೇ? ಉತ್ತರ ತಡವರಿಸಿದರೆ ಬಾಗಿಲು ಹಾಕಿಕೊಳ್ಳಿ.

ಇಷ್ಟಕ್ಕೂ ತಾಯಿ ಏಕೆ ಬಳೆ ಅಡವಿಡಬೇಕು? ನನ್ನ ಮುಖ್ಯ ತಕರಾರು ಇದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ತೊಡಕನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಅನುಸರಿಸಬೇಕೆಂದು ಅದರ 16ನೆಯ ಕಲಮು ಶಾಲೆಗಳಿಗೆ ಹೇಳುತ್ತದೆ. 17ನೆಯ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಎಲ್ಲ ಇದೆ. ಪ್ರಮಾಣಪತ್ರದಲ್ಲಿ ನೂರಕ್ಕೆ 40 ಅಥವಾ ಹೆಚ್ಚು ನಮೂದಾದ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ, ಸಹಾಯಕ ಸಲಕರಣೆಗಳನ್ನು ಉಚಿತವಾಗಿ ಒದಗಿಸಬೇಕೆಂದೂ ಇದೆ. ಪ್ರಮಾಣಪತ್ರಕ್ಕೆ ಇಡೀ ದೇಶ ಬಳಸಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು. ಪರೀಕ್ಷೆ ನಮ್ಮೂರಿನದು, ಕಾಯ್ದೆ ನಮ್ಮ ದೇಶದ್ದು. ಅದು ಗೊತ್ತಿಲ್ಲದೆ ಶಾಲೆಯ ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಿಲ್ಲುವವರು ಮಾತ್ರ ನಾವು.

ಸರ್ಕಾರ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸವಿದೆ. ಕನ್ನಡದ ಎಷ್ಟೋ ಪುಸ್ತಕಗಳು ಹಳೆಯ ಅಕ್ಷರಶೈಲಿಗಳಲ್ಲಿ ಜೋಡಣೆಯಾಗಿವೆ. ಅಂಥವನ್ನು ಪಿಡಿಎಫ್ ಮಾಡಿ ಅಂತರ್ಜಾಲದಲ್ಲಿ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು. ಓದು ಎಂದರೆ ಅದು ಬಡಬಡಿಸುತ್ತದೆ. ಯೂನಿಕೋಡಿನಲ್ಲಿರುವ ಬರಹವನ್ನಾದರೆ ಲಕ್ಷಣವಾಗಿ ಓದುತ್ತದೆ. ನಮ್ಮ ಪಠ್ಯಪುಸ್ತಕಗಳ ಪ್ರತಿಯೊಂದು ಪುಟವೂ ಯಂತ್ರ ಓದಬಲ್ಲ ಕನ್ನಡದಲ್ಲಿ ಸಿಗಲಿ. ಸೇತುವೆ ಕಟ್ಟಿ ಎಂದು ನಾವು ಕೇಳುತ್ತಿಲ್ಲ. ಅಕ್ಷರಶೈಲಿ ಬದಲಿಸಿ ಎನ್ನುತ್ತಿದ್ದೇವೆ. ಇನ್ನು ಹಕ್ಕುಸ್ವಾಮ್ಯದ ನೆಪ ಹೇಳುವಂತಿಲ್ಲ. ಓದಲು ತೊಡಕಿರುವವರಿಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಧ್ವನಿರೂಪಕ್ಕೆ ತರಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ನಮ್ಮದು. ಮೊದಲು ಅಂಗೀಕರಿಸಿದವರ ಮನೆಯ ಮಕ್ಕಳೇ ಕೊನೆಗೆ ಉಳಿಯುವುದು ಯಾವ ಮರ್ಯಾದೆ?

ಬರುವ ಪೋಷಕರ ಸಭೆಗೆ ಹೋದಾಗ, ದಯವಿಟ್ಟು, ಅಂಕಪಟ್ಟಿಗೆ ಸಹಿ ಮಾಡಿ ಸುಮ್ಮನೆ ಎದ್ದು ಬರಬೇಡಿ. ನಿಮ್ಮ ಮಗು ಸೊಗಸಾಗಿ ಓದುವವನಾದರೂ ಸರಿ, ಕೊನೆಯ ಬೆಂಚಿನ ಆ ಇಬ್ಬರಿಗಾಗಿ ಕೇಳಿ. ತಡವರಿಸುವ ಮಕ್ಕಳನ್ನು ಗುರುತಿಸಲು ಇಲ್ಲಿ ಯಾರಿದ್ದಾರೆ? ಕನ್ನಡ ಪಾಠವನ್ನು ಕೇಳಿ ಓದಲು ಏನು ಏರ್ಪಾಡಿದೆ? ಪರೀಕ್ಷೆಯಲ್ಲಿ ಕಾಯ್ದೆ ಕೊಟ್ಟ ಸೌಲಭ್ಯಕ್ಕೆ ಅರ್ಜಿ ಯಾವ ತಿಂಗಳು ಕೊಡಬೇಕು? ಒಬ್ಬಳು ಕೇಳಿದರೆ ‘ಆ ಹೆಂಗಸು ಸ್ವಲ್ಪ ಜೋರು’ ಎನ್ನುತ್ತಾರೆ. ಹತ್ತು ಜನ ಕೇಳಿದರೆ ಹೆಡ್‌ಮಾಸ್ಟರು ಕುರ್ಚಿ ತರಿಸುತ್ತಾರೆ.